ಎಂಟಾಣೆಯ ಮೇಜು

ಇವತ್ತು ಗಂಟನ್ನೆಲ್ಲ ಒಂದೇ ಮೇಜಿಗೆ ಇಟ್ಟು ಮುಗಿಸಿಬಿಡಬೇಕು ಎಂದು ಮಡಿವಾಳಯ್ಯ ನಿರ್ಧರಿಸಿದ್ದು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ, ಕೊಡ್ಲಿಯ ಬಸ್ಸು ಹತ್ತಿ, ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮೇಲೆ. ಅಥವಾ ಅದಕ್ಕೂ ಮೊದಲೇ, ವಾಡಿಯಿಂದ ಹೊರಟ ರೈಲು ಚಿತ್ತಾಪುರದಲ್ಲಿ ನಿಂತಾಗಲೇ ಆಗಿತ್ತೇನೋ; ಮನಸ್ಸು ಯಾವ ಸ್ಟೇಶನ್ನಿನಲ್ಲಿ ಏನನ್ನು ಹತ್ತಿಸಿಕೊಳ್ಳುತ್ತದೆ ಎಂಬುದನ್ನು ಅವನು ಖಚಿತವಾಗಿ ಹೇಳಲಾರ. ಗಂಟು ಎಂದು ಅವನು ತನ್ನೊಳಗೇ ಕರೆಯುತ್ತಿದ್ದದ್ದು ಫೋನಿನಲ್ಲಿ ಪೋಕರ್ ಆಡುವ ಆ್ಯಪಿನ ಮೂಲೆಗೆ ಹಸಿರು ಅಂಕಿಯಾಗಿ ನಿಲ್ಲುವ ಹಣವನ್ನು. ಹಣ ಇಟ್ಟು ಫೋನಿನಲ್ಲಿ ಆಡುವ ಆಟಗಳು ಇನ್ನೂ ನಡೆಯುತ್ತಿದ್ದ ಕೊನೆಯ ಚಳಿಗಾಲ ಅದು. ಹಿಂದಿನ ತೊಗರಿಯ ರಾಶಿಯ ಕಾಲಕ್ಕೆ ಆರು ಸಾವಿರವಿದ್ದ ಗಂಟು ಈ ರಾಶಿಯ ಕಾಲಕ್ಕೆ ಮೂರು ಸಾವಿರದ ನೂರಕ್ಕೆ ಇಳಿದಿತ್ತು. ಒಮ್ಮೆಲೇ ಬಿದ್ದಿದ್ದರೆ ಅದನ್ನು ಒಂದು ಅಪಘಾತವೆಂದು ಮರೆಯಬಹುದಿತ್ತು. ಆದರೆ ಅದು ಬಿದ್ದಿರಲಿಲ್ಲ, ಕರಗಿತ್ತು. ತಾನು ಚೆನ್ನಾಗಿ ಆಡುತ್ತಿದ್ದೇನೆ ಎಂದು ಅನ್ನಿಸುತ್ತಿದ್ದ ದಿನಗಳಲ್ಲಿಯೂ, ಗೆದ್ದ ವಾರಗಳಲ್ಲಿಯೂ, ಒಳಗಿನಿಂದ ಯಾರೋ ನೆಕ್ಕುತ್ತಿದ್ದಾರೆ ಎಂಬಂತೆ ಕರಗಿತ್ತು. ಈ ಕರಗುವಿಕೆಯನ್ನು ನೋಡುತ್ತ ಕೂರುವುದಕ್ಕಿಂತ, ಆಟದ ಶುರುವಿಗೇ ಇಪ್ಪತ್ತೈದು, ಐವತ್ತು ರೂಪಾಯಿ ಕಟ್ಟಿಸುವ ಇಪ್ಪತ್ತೈದು–ಐವತ್ತರ ದೊಡ್ಡ ಮೇಜಿಗೆ ಹೋಗಿ, ಇದ್ದಷ್ಟನ್ನೂ ಒಂದೇ ಎಲೆಯ ಮೇಲೆ ದೂಡಿ, ಬಂದರೆ ಬಂತು ಹೋದರೆ ಹೋಯಿತು ಎಂದು ಕೈ ತೊಳೆದುಕೊಳ್ಳುವುದು ಮೇಲು. ಹೋಗುತ್ತದೆ ಎಂದೇ ಅವನಿಗೆ ಗೊತ್ತಿತ್ತು. ಹೋಗಲಿ ಎಂಬುದೇ ಆಸೆಯಾಗಿತ್ತು.

ಬಸ್ಸು ಊರು ದಾಟಿ ಕರಿಮಣ್ಣಿನ ಬಯಲಿಗೆ ಬಂತು. ಬದುಗಳ ಮೇಲೆ ನಿಲ್ಲಿಸಿದ ಕಲ್ಲು ಚಪ್ಪಡಿಗಳು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಕೊಯ್ದ ತೊಗರಿಯ ಕೂಳೆಗಳು ನೆಲದಿಂದ ಮೊನಚಾಗಿ ಮೇಲೆದ್ದಿದ್ದವು. ಅವನು ಫೋನು ತೆಗೆದ, ಒಂದು–ಎರಡು ರೂಪಾಯಿಯ ತನ್ನ ಮೇಜಿನಲ್ಲಿ ಕುಳಿತ, ಎಕ್ಕಾ ಮತ್ತು ರಾಜ ಬಂದವು. ಮೇಜಿನ ನಡುವೆ ತೆರೆದ ಎಲೆಗಳಲ್ಲಿ ಯಾವುದೂ ಅವನಿಗೆ ಒದಗಲಿಲ್ಲ. ಎದುರಿನ ಅಪರಿಚಿತ ಸ್ವಲ್ಪ ತಡೆದು ಬಾಜಿ ಕಟ್ಟಿದ. ಆ ತಡೆಯುವಿಕೆಯಲ್ಲಿ ಒಂದು ತೃಪ್ತಿ ಇತ್ತು, ಉಂಡವನು ಊಟದ ಎಲೆಯ ಮುಂದಿನಿಂದ ಏಳಲು ತಡಮಾಡುವಂಥ ತೃಪ್ತಿ. ಮಡಿವಾಳಯ್ಯ ಎಕ್ಕಾ ರಾಜರನ್ನು ಬಿಟ್ಟುಕೊಟ್ಟ. ಬೇರೆಯವರ ತಡೆಯುವಿಕೆಯನ್ನು ಓದುವುದು ಅವನಿಗೆ ಬರುತ್ತಿತ್ತು. ವಾಡಿಯ ಲಾರಿ ಕಾಂಟಾದಲ್ಲಿ ಸಿಮೆಂಟು ಹೇರಿದ ಲಾರಿಗಳ ತೂಕದ ಚೀಟಿ ಬರೆಯುವ ಅವನಿಗೆ, ಹೆಚ್ಚು ಹೇರಿಕೊಂಡು ಬಂದ ಡ್ರೈವರ್ ಕಾಂಟಾದ ಮೇಲೆ ಲಾರಿ ಹತ್ತಿಸುವ ರೀತಿಯಿಂದಲೇ ಗೊತ್ತಾಗುತ್ತಿತ್ತು. ಎರಡು ಲಾರಿಗಳ ನಡುವಿನ ಮಧ್ಯಾಹ್ನದ ಬಿಡುವಿನಲ್ಲಿ ಅವನು ಆಟ ಕಲಿತದ್ದು. ಕಲಿತಾಗ ಒಂದು ನಿಯಮವನ್ನೂ ಕಲಿತಿದ್ದ: ಒಂದು ಮೇಜಿಗೆ ಒಯ್ಯುವ ಹಣ ಗಂಟಿನ ಮೂವತ್ತರಲ್ಲೊಂದು ಪಾಲನ್ನು ಮೀರಬಾರದು, ಗಂಟು ಇಳಿದರೆ ಮೇಜೂ ಇಳಿಯಬೇಕು. ಗಂಟು ಆರು ಸಾವಿರವಿದ್ದಾಗ ಇನ್ನೂರು ರೂಪಾಯಿ ಹಿಡಿದು ಒಂದು–ಎರಡರ ಮೇಜಿಗೆ ಕೂರುವುದು ಸರಿಯಿತ್ತು. ಈಗ ನೂರು ರೂಪಾಯಿ ಹಿಡಿದು ಎಂಟಾಣೆ–ಒಂದು ರೂಪಾಯಿಯ ಮೇಜಿಗೆ ಇಳಿಯಬೇಕಿತ್ತು. ಇಳಿದಿರಲಿಲ್ಲ. ಎಂಟಾಣೆ ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ತಂದೆಯ ಬೆನ್ನು ಕಾಣುತ್ತಿತ್ತು: ಶಹಾಬಾದದ ಒಂದು ಓಣಿ, ನೆಲಕ್ಕೆಲ್ಲ ಹಾಸಿದ ನುಣುಪು ಕಲ್ಲು, ತೆರೆದ ಜೋಳಿಗೆ, ಬಾಗಿಲಿನಿಂದ ಬಂದ ಕೈ ಅದರೊಳಗೆ ಬೀಳಿಸಿದ ಒಂಟಿ ನಾಣ್ಯ, 'ಮುಂದ ಹೋಗ್ರಿ' ಎಂಬ ದನಿ. ತಂದೆ ಆ ಬಾಗಿಲಿಗೂ ಕೈಯೆತ್ತಿ ಹರಸಿದ್ದರು. ಹಿಂದೆ ನಡೆಯುತ್ತಿದ್ದ ಮಡಿವಾಳಯ್ಯನಿಗೆ ಆ ಹರಕೆಯನ್ನು ಇವತ್ತಿಗೂ ಕ್ಷಮಿಸಲಾಗಿಲ್ಲ.

ಸಂಬಳ ಮನೆಯದು. ಅದರಲ್ಲಿ ಪೈಸೆಯನ್ನೂ ಅವನು ಆಟಕ್ಕೆ ಮುಟ್ಟಿರಲಿಲ್ಲ. ಹೆಂಡತಿ ಭಾಗ್ಯಜ್ಯೋತಿ ಆಟದ ಸಂಗತಿ ತಿಳಿದ ದಿನ ಹೇಳಿದ್ದೂ ಅಷ್ಟನ್ನೇ, 'ಮನಿ ರೊಕ್ಕ ಮುಟ್ಟಬ್ಯಾಡ್ರಿ, ಮುಂದಿಂದು ನಿಮಗ ಬಿಟ್ಟದ್ದು' ಎಂದು. ಗಂಟು ಕಟ್ಟಿದ್ದು ದಕ್ಷಿಣೆಯಿಂದ; ಹಿಂದಿನ ರಾಶಿಯ ಹೊತ್ತಿಗೆ ಆರು ಸಾವಿರವಾದ ಮೇಲೆ ಅದಕ್ಕೆ ಹೊಸದೇನನ್ನೂ ಸೇರಿಸಿರಲಿಲ್ಲ. ಹುಟ್ಟಿನಿಂದ ಜಂಗಮನಾದ ಅವನನ್ನು ಕೆಲವು ಮನೆಗಳು ಈಗಲೂ ತಮ್ಮ ಅಯ್ಯ ಎಂದು ಕರೆಸಿಕೊಳ್ಳುತ್ತಿದ್ದವು. ತೊಟ್ಟಿಲಿಗೆ ಹಾಕುವ ದಿನ, ಹೊಸ ಮನೆ ಹೊಗುವ ದಿನ, ಸತ್ತವರ ನೆತ್ತಿಗೆ ಪಾದ ಮುಟ್ಟಿಸುವ ದಿನ ಅವನು ಹೋಗಬೇಕಿತ್ತು. ಗಂಟು ಕಟ್ಟುತ್ತಿದ್ದ ಕಾಲಕ್ಕೆ, ತಣ್ಣಗಾದ ನೆತ್ತಿಯ ಮೇಲೆ ತನ್ನ ಪಾದ ಇಡುವಾಗ, ಆ ಮನೆಯವರು ಕಣ್ಣೊರೆಸಿಕೊಳ್ಳುತ್ತ ಪಾದದ ಬಳಿ ಇಡುವ ನೋಟನ್ನು ಕಾಣುವಾಗ, ಇದು ಮೇಜಿಗೆ ಹೋಗುತ್ತದೆ ಎಂಬ ವಿಚಾರ ಬಂದೇ ಬರುತ್ತಿತ್ತು, ಬಂದದ್ದಕ್ಕೆ ನಾಚಿಕೆಯೂ ಬರುತ್ತಿತ್ತು. 'ಬಂದದ್ದು ನಿಲ್ಲಬಾರದು. ಜೋಳಿಗಿ ಅಂದ್ರ ಹಾದಿ, ಕಣಜ ಅಲ್ಲ' ಎಂದು ತಂದೆ ಹೇಳುತ್ತಿದ್ದರು. ಅದಕ್ಕೇ ಅವನು ಮೊದಲ ದಿನದಿಂದ ಒಂದು ನೇಮ ಇಟ್ಟುಕೊಂಡ. ಗೆದ್ದ ದಿನ, ಗೆದ್ದದ್ದರಲ್ಲಿ ನಾಲ್ಕರಲ್ಲೊಂದು ಪಾಲನ್ನು ಅಂದಂದೇ ಗಂಟಿನಿಂದ ತೆಗೆದು ಮಠದ ದಾಸೋಹಕ್ಕೆ ಕಳಿಸಿಬಿಡುವುದು. ಮಠದವರು ಕ್ಯೂಆರ್ ಚೀಟಿ ಅಂಟಿಸಿದ್ದರಿಂದ ಕಾಂಟಾದ ಕುರ್ಚಿಯಿಂದ ಏಳದೆಯೇ ಕೊಡಬಹುದಿತ್ತು. ಕೊಟ್ಟ ಕ್ಷಣದಲ್ಲಿ ಉಸಿರು ಸಲೀಸಾಗುತ್ತಿತ್ತು. ಸೋತ ದಿನ ಕೊಡುವುದೇನಿರಲಿಲ್ಲ. ಸೋಲೇ ಶಿಕ್ಷೆಯಾದ್ದರಿಂದ ಅಂದೂ ಒಂದು ಬಗೆಯ ಸಮಾಧಾನವಿರುತ್ತಿತ್ತು.

ಹೋದ ಅಮವಾಸ್ಯೆಯ ದಿನ ಮಠದಲ್ಲಿ ಲೆಕ್ಕ ನೋಡುವ ಕಾಶೀನಾಥ ಮೈಕು ಹಿಡಿದು ದಾಸೋಹಕ್ಕೆ ಕೊಟ್ಟವರ ಹೆಸರು ಓದುತ್ತಿದ್ದ. ಐನೂರು, ಸಾವಿರದ ಒಂದು, ಎರಡು ಚೀಲ ಜೋಳ. ನಡುವೆ, ಅದೇ ಗಂಭೀರ ದನಿಯಲ್ಲಿ, 'ಮಡಿವಾಳಯ್ಯ, ವಾಡಿ: ಮೂವತ್ತೇಳು ರೂಪಾಯಿ. ಮಡಿವಾಳಯ್ಯ, ವಾಡಿ: ಹನ್ನೊಂದೂವರೆ ರೂಪಾಯಿ.' ಪಂಕ್ತಿಯಲ್ಲಿ ಕುಳಿತ ಯಾರೋ ನಕ್ಕರು. ಆಮೇಲೆ ಬಹಳ ಜನ ನಕ್ಕರು. ಕಾಶೀನಾಥ ಮೈಕು ಇಳಿಸುವುದನ್ನೂ ಮರೆತು, 'ಏನ್ರಿ ಸ್ವಾಮೇರ, ಕಿರಾಣಿ ಅಂಗಡ್ಯಾಗ ಉಳಿದ ಚಿಲ್ಲರ ಕಳಿಸಾಕತ್ತೀರೇನ್ರಿ? ನಗಬ್ಯಾಡ್ರೋ, ಹಿಂಗೇ ಕೊಟ್ಟು ಕೊಟ್ಟು ಸ್ವಾಮೇರದು ವರ್ಷಕ್ಕ ನಾಲ್ಕು ಸಾವಿರ ದಾಟ್ಯದ' ಎಂದ. ಅದು ಹೊಗಳಿಕೆ ಎಂದೇ ಅವನು ಹೇಳಿದ್ದು. ಮಡಿವಾಳಯ್ಯನಿಗೆ ಮಾತ್ರ ತಾನು ಮುಚ್ಚಿಟ್ಟ ಒಂದೊಂದು ಗೆಲುವನ್ನೂ ಹೊರಗೆಳೆದು, ಬಟ್ಟೆ ಬಿಚ್ಚಿ, ಊಟದ ಸಾಲಿನ ನಡುವೆ ನಡೆಸಿದಂತೆ ಕಂಡಿತು. ಆ ದಿನದಿಂದ ಅವನಿಗೆ ಖಾತ್ರಿಯಾಗಿತ್ತು: ಪಾದಕ್ಕೆ ಬಂದ ಹಣವನ್ನು ಇಸ್ಪೀಟಿನ ಎಲೆಗೆ ಇಟ್ಟದ್ದೇ ತಪ್ಪು, ಅದು ನಿಲ್ಲುವುದಿಲ್ಲ, ಎಷ್ಟು ದಾಸೋಹ ಮಾಡಿದರೂ ನಿಲ್ಲುವುದಿಲ್ಲ. ತನಗೆ ಆಟ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಗಂಟಿಗೆ ಶಾಪವಿದೆ ಎಂದು ನಂಬುವುದು ಅವನಿಗೆ ಹಗುರಾಗಿತ್ತು. ಎರಡೂ ಸುಳ್ಳಿರಬಹುದು ಎಂದು ಹೊಳೆದಿರಲಿಲ್ಲ.

ಕೊಡ್ಲಿಯಲ್ಲಿ ಬಸ್ಸಿಳಿದು ಹೊಲದ ಹಾದಿ ಹಿಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪ್ರತಿವರ್ಷ ಅವನನ್ನು ರಾಶಿಯ ಪೂಜೆಗೆ ಕರೆಸುವ ನೀಲಾಬಾಯಿಯ ಕಣದಲ್ಲಿ ರಾಶಿಯ ಮಷೀನು ಆಗಷ್ಟೇ ನಿಂತು, ಹೊಟ್ಟಿನ ಧೂಳು ಗಾಳಿಯಲ್ಲಿ ಇನ್ನೂ ಇಳಿಯುತ್ತಿತ್ತು. ಗಂಡ ತೀರಿಹೋದ ಮೇಲೆ ಮೂರು ಹೊಲಗಳನ್ನು ತಾನೇ ಮುಂದೆ ನಿಂತು ಮಾಡಿಸುವ ಆಕೆ, ತಲೆಯ ಸೆರಗಿಗೆ ಅಂಟಿದ ಹೊಟ್ಟನ್ನು ಕೊಡವಿಕೊಳ್ಳುತ್ತ ಎದ್ದು ಬಂದಳು.

'ಶರಣ್ರಿ ಅಯ್ಯನೋರ, ಬರ್ರಿ. ಬಿಸಿಲಾಗ ಬಂದೀರಿ, ಬೇವಿನ ನೆಳ್ಳಿಗಿ ಕುಂದ್ರಿ. ನೀರು ಕುಡೀರಿ ಮೊದಲ.'

'ಪೂಜಿ ಆಗ್ಲಿ, ಆಮ್ಯಾಲ ಕುಡೀತೀನಿ' ಎಂದ. ಆ ಮಾತು ತಂದೆಯದು. ದನಿಯೂ ತಂದೆಯದೇ ಆಗಲಿ ಎಂದು ಅವನು ಯತ್ನಿಸಿದ್ದ, ಆಗಲಿಲ್ಲ.

ರಾಶಿಯ ಪೂಜೆಯನ್ನು ಅವನು ಕೇಳಿ ಕಲಿತದ್ದಲ್ಲ, ನೋಡಿ ಕಲಿತದ್ದು. ರಾಶಿಯ ಸುತ್ತ ವಿಭೂತಿಯ ಗೆರೆ; ಗೆರೆ ಎಲ್ಲಿಯೂ ಕಡಿಯಬಾರದು. ನೆತ್ತಿಯ ಮೇಲೆ ಪತ್ರಿ, ಕರ್ಪೂರ, ಒಡೆದ ಕಾಯಿ. ಆಮೇಲೆ ಮನೆಯ ಯಜಮಾನಿ ಸೇರು ಹಿಡಿದು ಅಳೆಯಲು ಕೂರುತ್ತಾಳೆ, ಅಲ್ಲಿಗೆ ಮಾತು ನಿಲ್ಲಬೇಕು. ಚೀಲಗಳನ್ನು ಕಡೆಗೆ ಕಾಂಟಾದಲ್ಲಿ ತೂಗುವುದೇ ಆದರೂ ಮೊದಲ ಪಾಲುಗಳನ್ನು ಸೇರಿನಿಂದಲೇ ಅಳೆಯುವುದು ಈ ಕಣದ ಪದ್ಧತಿ. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ; ಲಾಭ, ಎರಡು, ಮೂರು ಎಂದು ಎಣಿಕೆ ನಡೆಯುತ್ತದೆ. ಆ ಲಾಭದ ಸೇರು, ಅದರ ಹಿಂದೆ ಇನ್ನೊಂದೆರಡು, ಅಯ್ಯನ ಜೋಳಿಗೆಗೆ ಬೀಳುವುದನ್ನು ಮಡಿವಾಳಯ್ಯ ಪ್ರತಿವರ್ಷ ನೋಡಿದ್ದ, ಮೊದಲು ತಂದೆಯ ಪಕ್ಕದಲ್ಲಿ ನಿಂತು, ಆಮೇಲೆ ತಾನೇ ಜೋಳಿಗೆ ಹಿಡಿದು. ಇವತ್ತೂ ಮೊಣಕಾಲೂರಿ ಜೋಳಿಗೆಯ ಬಾಯಿ ಅಗಲಿಸಿ ಹಿಡಿದ. ನೀಲಾಬಾಯಿ ಸೇರು ತುಂಬಿದಳು, ಅಂಗೈಯಿಂದ ತಲೆ ಸವರಿದಳು, 'ಲಾಭ' ಎಂದಳು, ಪಕ್ಕದ ಹೊಸ ಚೀಲಕ್ಕೆ ಸುರಿದಳು.

ಜೋಳಿಗೆ ತೆರೆದೇ ಇತ್ತು. ಎರಡು, ಮೂರು, ನಾಲ್ಕು. ಎಲ್ಲವೂ ಆ ಚೀಲಕ್ಕೇ. ಹೊಟ್ಟು ಕೇರುತ್ತಿದ್ದ ಹೆಣ್ಣಾಳುಗಳು ಮೊರಗಳನ್ನು ನಿಲ್ಲಿಸಿ ನೋಡುತ್ತಿದ್ದರು. ಜೋಳಿಗೆಯ ಬಾಯಿ ಮುಚ್ಚಿದರೆ ಅವಮಾನ ಒಪ್ಪಿಕೊಂಡಂತೆ, ಹಿಡಿದೇ ಇದ್ದರೆ ಬೇಡಿದಂತೆ. ಅವನ ಬೆರಳುಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಚೀಲದ ಬಾಯಿ ಕಟ್ಟಿದ ಮೇಲೆ, ಎಣಿಕೆಯ ನಡುವೆ ಮಾತಾಡಬಾರದೆಂಬುದನ್ನು ಮರೆತು, 'ನೀಲಾಬಾಯಿ, ಮೊದಲ ಸೇರು ಅಯ್ಯಂದು. ನಮ್ಮಪ್ಪನ ಕಾಲದಿಂದ ನಡಕೊಂಡು ಬಂದದ್ದು' ಎಂದ.

'ಬಂದದ್ದು ಖರೇ ಅದರಿ. ಈ ವರ್ಷ ಬೀಜ ಮೊದಲ.'

'ಹಂಗ ಯಾರು ಮಾಡ್ಯಾರ?'

'ನಾ ಮಾಡ್ಲಿಕತ್ತೀನಿ. ನಿಮ್ಮಪ್ಪನೋರ ಕಾಲದಾಗ ಎತ್ತು ತುಳಿತಿದ್ದವು. ಈಗ ಈ ಕಲೀಮನ ಮಷೀನಿಗಿ ತಾಸಿಗಿಷ್ಟು ಅಂತ ಎಣಿಸಿ ಕೊಡಬೇಕು.'

ಮಷೀನಿನ ಪಟ್ಟಿ ಬಿಚ್ಚುತ್ತಿದ್ದ ಕಲೀಮ್ ತಲೆಯೆತ್ತಿದ. 'ನನ್ನ ಹೆಸರು ಯಾಕ ನಡುವ ಎಳೀತಿ ಅಕ್ಕಾ? ಎತ್ತಿಗಿ ಹೊಟ್ಟು ಹಾಕಿದ್ರ ಸಾಕು, ಇದು ಡೀಸೆಲ್ ಕುಡೀತದ. ಹೊಟ್ಟು ಹಾಕಿ ನೋಡೀನಿ, ತಿನ್ನಂಗಿಲ್ಲ.'

ಹೆಣ್ಣಾಳುಗಳು ನಕ್ಕರು. ಮಡಿವಾಳಯ್ಯನಿಗೆ ಆ ನಗು ಮಠದ ಪಂಕ್ತಿಯಿಂದ ಎದ್ದು ಬಂದದ್ದೇ ಎನ್ನಿಸಿ ಕಿವಿ ಕಾದವು. ನೀಲಾಬಾಯಿ ನಗಲಿಲ್ಲ. ಸೇರನ್ನು ರಾಶಿಯ ಮೇಲೆ ಬೋರಲು ಹಾಕಿ ಅವನ ಕಡೆ ತಿರುಗಿದಳು.

'ಸಿಟ್ಟಾಗಬ್ಯಾಡ್ರಿ ಅಯ್ಯನೋರ, ಒಂದು ಮಾತು ಕೇಳ್ತೀನಿ. ಹ್ವಾದ ವರ್ಷ ಹಳ್ಳದ ಹೊಲ ರಾಶಿ ಆತು, ಬಂದು ಪಾಲು ಒಯ್ದ್ರಿ. ಗುಡಿ ಹಿಂದಿನ ಹೊಲ ರಾಶಿ ಆತು, ಬಂದು ಪಾಲು ಒಯ್ದ್ರಿ. ಗುಡ್ಡದ ಹೊಲ ನೆಟಿ ರೋಗ ಬಡದು ನಿಂತಲ್ಲೇ ಒಣಗಿತು. ಅದಕ್ಕ ನೀವು ಬಂದು ಏನು ಹೊಳ್ಳಿ ಕೊಟ್ರಿ?'

ಅವನು ಜೋಳಿಗೆಯ ಬಾಯಿ ಮಡಚಿದ.

'ನಾ ಕೊಡಂಗಿಲ್ಲ ಅನ್ನವಳಲ್ಲ. ಈ ಸಲ ಮೂರೂ ಹೊಲದ್ದು ಒಂದೇ ಕಣಕ್ಕ ಕೂಡಿಸೀನಿ; ಬೀಜ ತಗದು, ಆಳಿಂದು ಬಾಡಿಗಿದು ತಗದು, ಉಳಿದದ್ರಾಗ ಕೊಡ್ತೀನಿ. ಬಂದ ಬಂದ ಹೊಲದಾಗೆಲ್ಲ ಆಗಿಂದಾಗ ತಗದು ಕೊಟ್ಟು, ಹ್ವಾದ ಹೊಲಕ್ಕ ನಾನೇ ಎದಿ ಬಡಕೊಂಡ್ರ, ಕಡಿಕ ಬೀಜ ಅಂಗಡ್ಯಾಗ ತರಬೇಕಾತದ. ಹ್ವಾದ ವರ್ಷ ತಂದೀನಿ. ಜರಾ ಕುಂದ್ರಿ, ನಿಮ್ಮ ಪಾಲು ಎಲ್ಲಿ ಓಡಿ ಹೋಗಂಗಿಲ್ಲ.'

ಅವನು ಎದ್ದು ಬೇವಿನ ನೆರಳಿಗೆ ಹೋದ. ನೆರಳು ಚಿಕ್ಕದಿತ್ತು, ಮೊಣಕಾಲುಗಳನ್ನು ಮಡಚಿಕೊಂಡರೆ ಮಾತ್ರ ಅದರೊಳಗೆ ಹಿಡಿಯುವಂತಿತ್ತು. ಫೋನು ತೆಗೆದ. ಇಪ್ಪತ್ತೈದು–ಐವತ್ತರ ಮೇಜು ತುಂಬಿತ್ತು. ಸೀಟು ಖಾಲಿಯಾದರೆ ಕರೆಯಿರಿ ಎಂಬ ಗುಂಡಿ ಒತ್ತಿದ. ಕರೆಯಲಿ, ಗಂಟೆಲ್ಲ ಹೋಗಲಿ, ಈ ಜೋಳಿಗೆಯೂ ಹೋಗಲಿ. ಹಳ್ಳದ ಹೊಲಕ್ಕೆ ಬಂದದ್ದು ನಿಜ, ಗುಡಿ ಹಿಂದಿನ ಹೊಲಕ್ಕೆ ಬಂದದ್ದು ನಿಜ. ಗುಡ್ಡದ ಹೊಲ ಒಣಗಿದ್ದು ತನಗೆ ಗೊತ್ತೇ ಇರಲಿಲ್ಲ; ಒಣಗಿದ ಹೊಲಕ್ಕೆ ಅಯ್ಯನನ್ನು ಯಾರೂ ಕರೆಸುವುದಿಲ್ಲ. ತಂದೆಯೂ ಹೀಗೆಯೇ ಹಣ್ಣಾದ ಹೊಲಗಳಿಂದ ಹಣ್ಣಾದ ಹೊಲಗಳಿಗೆ ನಡೆದವರು. ದಾರಿಯಲ್ಲಿ ಒಣಗಿದ ಹೊಲವೊಂದು ಬಂದರೆ ಅದರ ಬದುವಿನ ಮೇಲೆ ನಿಂತು ಕೈಯೆತ್ತಿ ಹರಸುತ್ತಿದ್ದರೇ? ನೆನಪಾಗಲಿಲ್ಲ. ಬೆನ್ನು ಮಾತ್ರ ನೆನಪಾಯಿತು. ಯಾವ ಪಾಪವನ್ನೂ ಮಾಡದ ಆ ಬೆನ್ನು, ಕೊಟ್ಟದ್ದನ್ನಷ್ಟೇ ಒಯ್ದ ಆ ಬೆನ್ನು, ಒಬ್ಬಳ ಬೀಜದ ಚೀಲದಲ್ಲಿ ತೂತಾಗಿತ್ತು. ತೂತಿಗೆ ತಾನು ತೂತು ಎಂದು ತಿಳಿಯುವುದಿಲ್ಲ.

ಕಲೀಮ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ, ಬೀಡಿ ತೆಗೆದ, ಅಯ್ಯನೆದುರು ಹಚ್ಚಬಾರದೆಂದು ಕಿವಿಗೆ ಸಿಕ್ಕಿಸಿಕೊಂಡ. ಫೋನಿನೊಳಗೆ ಇಣುಕಿದ.

'ರಮ್ಮಿ ಏನ್ರಿ ಸ್ವಾಮಿ?'

'ಅಲ್ಲ.'

'ಮತ್ತ? ತೀನ್ ಪತ್ತಿ?'

'ಪೋಕರ್ ಅಂತಾರ.'

'ಹೆಸರು ಏನರ ಇರ್ಲಿ, ಎಲಿ ಎಲೀನೇ. ಗೆದ್ದೀರೋ ಸೋತೀರೋ?'

ಅಯ್ಯನೊಬ್ಬ ಹೊಲದಲ್ಲಿ ಇಸ್ಪೀಟಾಡುತ್ತಿರುವುದನ್ನು ಕಂಡವನ ಕಣ್ಣಿನಲ್ಲಿ ಇರಬೇಕಾಗಿದ್ದ ಕುಹಕ ಆ ಪ್ರಶ್ನೆಯಲ್ಲಿ ಇರಲಿಲ್ಲ. ಮಳೆ ಬಂತೋ ಇಲ್ಲವೋ ಎಂದು ಕೇಳಿದಂತಿತ್ತು. ಸೋತೀನಿ ಎನ್ನಲು ಹೋದ.

'ಗೊತ್ತಿಲ್ಲ' ಎಂದ.

'ಆಡ್ದವರಿಗೇ ಗೊತ್ತಿಲ್ಲಂದ್ರ ಯಾರಿಗಿ ಕೇಳ್ಬೇಕ್ರಿ? ಇದ್ದದ್ದೆಷ್ಟು, ಉಳಿದದ್ದೆಷ್ಟು, ಮನಿಗಿ ಒಯ್ದದ್ದೆಷ್ಟು. ಮಷೀನಿಂದೂ ಅಷ್ಟೇ ಲೆಕ್ಕ.'

'ಮನಿಗಿ ಏನೂ ಒಯ್ದಿಲ್ಲ.'

'ಮತ್ತೆಲ್ಲಿಗಿ ಒಯ್ದ್ರಿ?'

ಕಲೀಮನಿಗೆ ಉತ್ತರ ಬೇಕಾಗಿರಲಿಲ್ಲ. ನೀಲಾಬಾಯಿ ಕೂಗಿದ್ದಕ್ಕೆ ಎದ್ದು ಹೋದ. ಮತ್ತೆಲ್ಲಿಗೆ ಒಯ್ದೆ? ಮೈಕಿನ ದನಿ ಕೇಳಿತು, ಈ ಸಲ ನಗುವಿಲ್ಲದೆ: ವರ್ಷಕ್ಕೆ ನಾಲ್ಕು ಸಾವಿರ ದಾಟಿದೆ. ಮಡಿವಾಳಯ್ಯ ಕಣ್ಣು ಮುಚ್ಚಿದ. ಆರು ಸಾವಿರವಿತ್ತು, ಮೂರು ಸಾವಿರದ ನೂರು ಉಳಿದಿದೆ, ನಾಲ್ಕು ಸಾವಿರ ದಾಸೋಹಕ್ಕೆ ಹೋಗಿದೆ. ಉಳಿದದ್ದಕ್ಕೆ ಕೊಟ್ಟದ್ದನ್ನು ಕೂಡಿಸಿದರೆ ಏಳು ಸಾವಿರದ ನೂರು. ಇನ್ನೊಮ್ಮೆ ಕೂಡಿಸಿದ. ತೂಕದ ಚೀಟಿಗಳಲ್ಲಿ ಒಂದು ದಿನವೂ ಕೂಡಿಸಲು ತಪ್ಪದ ಅವನು, ಇದನ್ನು ವರ್ಷವಿಡೀ ಕೂಡಿಸಿರಲಿಲ್ಲ. ದಾಸೋಹವನ್ನು ಲೆಕ್ಕದೊಳಗೆ ತರುವುದು ಪಾಪ ಎಂಬ ಭಾವನೆ ಆ ಅಂಕಿಯ ಸುತ್ತ ಕಡಿಯದ ಗೆರೆ ಎಳೆದಿತ್ತು. ಅವನು ಸೋತಿರಲಿಲ್ಲ. ದೊಡ್ಡದಾಗಿ ಗೆದ್ದಿರಲಿಲ್ಲ, ಆದರೆ ಗೆದ್ದಿದ್ದ; ಸಾವಿರವೋ ಸಾವಿರದ ನೂರೋ, ಲಾರಿಗಳ ನಡುವಿನ ಮಧ್ಯಾಹ್ನಗಳಲ್ಲಿ, ಒಂದು–ಎರಡು ರೂಪಾಯಿಯ ಮೇಜಿನಲ್ಲಿ, ಎಕ್ಕಾ ರಾಜರನ್ನು ಬಿಡಬೇಕಾದಾಗ ಬಿಟ್ಟು ಗೆದ್ದಿದ್ದ. ನೂರು ಗೆದ್ದ ದಿನ ಇಪ್ಪತ್ತೈದು ತೆಗೆದಿದ್ದ, ನೂರು ಸೋತ ದಿನ ಹೊರಗಿನಿಂದ ಏನೂ ಬಂದಿರಲಿಲ್ಲ; ಹಾಗೆ ಗೆಲುವೂ ಸೋಲೂ ಒಂದರ ಹಿಂದೊಂದು ನಡೆದರೆ, ಆಡುವವನು ಯಾರಾದರೇನು, ಗಂಟು ಕರಗಲೇಬೇಕು. ಶಾಪ ಬೇಕಾಗಿರಲಿಲ್ಲ. ಸೋತ ದಿನಗಳೆಂಬ ಗುಡ್ಡದ ಹೊಲವನ್ನು ಬಿಟ್ಟು ಉಳಿದ ಹೊಲಗಳಲ್ಲೆಲ್ಲ, ನೀಲಾಬಾಯಿಯ ಹಾಗೆ, ಅವನೂ ಅಯ್ಯನಿಗೆ ಪಾಲು ಕೊಟ್ಟಿದ್ದ. ಕೊಟ್ಟದ್ದು ಬೀಜವನ್ನು.

ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಬೇರೊಂದು, ಬರಿಗೈಯಲ್ಲಿ ಸಿಕ್ಕಿಬಿದ್ದವನ ನಾಚಿಕೆಯಂಥದು. ವರ್ಷವಿಡೀ ಕೊಟ್ಟ ಆ ಚಿಲ್ಲರೆ ದಾಸೋಹವೇ ಆಗಿದ್ದರೆ ಕೊಟ್ಟ ಮೇಲೆ ಉಣ್ಣುವವರ ನೆನಪು ಬರಬೇಕಿತ್ತು. ಒಂದು ದಿನವೂ ಬಂದಿರಲಿಲ್ಲ. ಮೂವತ್ತೇಳು ರೂಪಾಯಿಗೆ ಮಠದಲ್ಲಿ ಯಾರ ಎಲೆಗೆ ಏನು ಬಿತ್ತು ಎಂದು ಅವನು ಕೇಳಿಕೊಂಡಿರಲಿಲ್ಲ. ತನ್ನ ಉಸಿರು ಸಲೀಸಾಯಿತೇ ಎಂದಷ್ಟೇ ನೋಡಿಕೊಂಡಿದ್ದ. ಅದು ದಂಡ. ಗೆದ್ದ ತಪ್ಪಿಗೆ ತಾನೇ ಹಾಕಿಕೊಂಡು ತಾನೇ ಕಟ್ಟಿದ ದಂಡ. ತಂದೆಯ ಜೋಳಿಗೆ ಹಾದಿಯಾಗಿತ್ತು, ನಿಜ. ಆದರೆ ಆ ಹಾದಿಯ ಮೇಲೆ ಮನುಷ್ಯರು ನಡೆಯುತ್ತಿದ್ದರು. ಜೋಳಿಗೆಯ ಹಿಟ್ಟಿನಿಂದ ರೊಟ್ಟಿ ತಟ್ಟಿ ತಂದೆ ಯಾರನ್ನೋ ಕೂರಿಸಿಕೊಂಡು ಉಣ್ಣುತ್ತಿದ್ದರು, 'ಇನ್ನರ್ಧ ತಗೋ' ಎನ್ನುತ್ತಿದ್ದರು. ಎಂಟಾಣೆ ಹಾಕಿದ ಬಾಗಿಲಿಗೆ ಅವರು ಕೈಯೆತ್ತಿದ್ದು ಸೋತು ಅಲ್ಲವೇನೋ. ಆ ಮನೆಯಲ್ಲಿ ಅಂದು ಅಷ್ಟೇ ಇತ್ತೆಂದು, ಬಾಗಿಲಿನಿಂದ ಬಂದ ಕೈಯ ತಡೆಯುವಿಕೆಯಲ್ಲಿ ಅವರು ಓದಿದ್ದರೇನೋ.

ಫೋನು ಅದುರಿತು. ದೊಡ್ಡ ಮೇಜಿನಲ್ಲಿ ಸೀಟು ಖಾಲಿಯಿದೆ, ಒಂದು ನಿಮಿಷದೊಳಗೆ ಕುಳಿತುಕೊಳ್ಳಿ. ಅಂಕಿ ಇಳಿಯತೊಡಗಿತು. ಬೆರಳು ತಾನಾಗಿ ಗುಂಡಿಯ ಮೇಲೆ ಹೋಗಿ ನಿಂತಿತು, ಬೆಳಗಿನ ನಿರ್ಧಾರಕ್ಕೆ ಅದು ಇನ್ನೂ ವಿಧೇಯವಾಗಿತ್ತು. ಮುಗಿಸುವುದರಲ್ಲಿ ಎಂಥ ಸುಖವಿತ್ತು! ಎಲ್ಲ ಹೋದರೆ ತಾನು ಪಾಪಿ ಎಂಬುದು ಸಾಬೀತಾಗುತ್ತಿತ್ತು, ಸಾಬೀತಾದ ಪಾಪಿ ನಾಳೆ ಏನನ್ನೂ ನಿರ್ಧರಿಸಬೇಕಾಗಿರುವುದಿಲ್ಲ. ಗಂಟು ಉಳಿದರೆ ಮಾತ್ರ ನಾಳೆಯೂ ಕೂರಬೇಕು, ಬಿಡಬೇಕಾದ ಎಲೆ ಬಿಡಬೇಕು, ಸೋಲಬೇಕಾದಷ್ಟು ಸೋಲಬೇಕು. ಮೂರು ಸಾವಿರದ ನೂರು ಅವನಿಗೆ ಮೊದಲ ಸಲ ಬೀಜದ ಹಾಗೆ ಕಂಡಿತು: ಚಿಕ್ಕದು, ತಿನ್ನಲು ಬಾರದ್ದು, ಇನ್ನೂ ಏನೂ ಆಗದ್ದು. ಬೆರಳನ್ನು ಗುಂಡಿಯಿಂದ ಎತ್ತಿ ತೊಡೆಯ ಮೇಲಿಟ್ಟು ಕುಳಿತ. ಅಂಕಿ ಸೊನ್ನೆಗೆ ಬಂತು. ಸೀಟು ಬೇರೆ ಯಾರಿಗೋ ಹೋಯಿತು.

'ಅಯ್ಯನೋರ! ಬರ್ರಿ, ನಿಮ್ಮ ಪಾಲು' ಎಂದು ನೀಲಾಬಾಯಿ ಕರೆದಳು. ಬೀಜದ ಚೀಲ, ಆಳುಗಳ ಪಾಲು, ಬಾಡಿಗೆಯ ಚೀಲ ಎಲ್ಲ ಬದಿಗೆ ಸರಿದು, ರಾಶಿ ಸಣ್ಣದಾಗಿತ್ತು. ಅವನು ಜೋಳಿಗೆ ಹಿಡಿದ. ಮೂರು ಸೇರು ಬಿತ್ತು; ಹಿಂದಿನ ವರ್ಷಗಳಲ್ಲಿ ಎಲ್ಲ ಹೊಲಗಳದೂ ಕೂಡಿ ಐದು ಬೀಳುತ್ತಿತ್ತು. ಆಕೆ ಅವನ ಮುಖ ನೋಡಿದಳು, ಜಗಳಕ್ಕೆ ಸಿದ್ಧಳಾಗಿಯೇ.

'ಗುಡ್ಡದ ಹೊಲಕ್ಕ ಬೀಜ ಎಷ್ಟು ಕಮ್ಮಿ ಬಿತ್ತು?' ಎಂದು ಕೇಳಿದ.

'ಯಾಕ್ರಿ?'

'ಇದ್ರಾಗ ಹೊಳ್ಳಿ ಹಾಕ್ತೀನಿ.'

ಜೋಳಿಗೆ ಎತ್ತಿದ್ದೇ ತಡ, ಆಕೆ ಗಾಬರಿಯಿಂದ ಅವನ ಮುಂಗೈ ಹಿಡಿದಳು. ಹಿಡಿದದ್ದು ಅಯ್ಯನ ಕೈ ಎಂದು ನೆನಪಾಗಿ ಬಿಟ್ಟಳು. 'ಏಯ್, ಬ್ಯಾಡ್ರಿ! ಜೋಳಿಗಿಗಿ ಬಿದ್ದದ್ದು ಹೊಳ್ಳಿ ರಾಶಿಗಿ ಬೀಳಬಾರದು. ಕೇಡು ಬಯಸ್ತೀರೇನು?'

'ಸ್ವಾಮಿ ಹೊಳ್ಳಿ ಕೊಡೂದು ನನ್ನ ಜಿಂದಗ್ಯಾಗ ಇದೇ ಮೊದಲ ನೋಡ್ದೆ' ಎಂದ ಕಲೀಮ್. 'ಅಕ್ಕಾ, ನೀನೂ ತಗೊಳ್ಳಂಗಿಲ್ಲ, ಅವರೂ ಒಯ್ಯಂಗಿಲ್ಲ ಅಂದ್ರ ನನಗ ಕೊಡ್ರಿ. ನಮಗ ಯಾವ ಶಾಸ್ತ್ರಾನೂ ಅಡ್ಡಿ ಇಲ್ಲ.'

'ಸುಮ್ನ ಕುಂದ್ರೋ, ಬಾಡಿಗಿ ತಗೊಂಡೀದಿ, ಹೊಟ್ಟಿ ತುಂಬಿಲ್ಲೇನು?' ಎಂದು ಗದರಿಸಿ, ನೀಲಾಬಾಯಿ ಮಡಿವಾಳಯ್ಯನ ಕಡೆ ತಿರುಗಿದಳು. ದನಿ ಇಳಿದಿತ್ತು. 'ಕೊಡಬೇಕಂದ್ರ ಇನ್ನೊಂದು ಮಾಡ್ರಿ. ಮಿರಗದ ಮಳಿಗಿ ಗುಡ್ಡದ ಹೊಲ ಬಿತ್ತತೀವಿ. ಒಣಗಿದ ಹೊಲಕ್ಕ ಯಾರೂ ಅಯ್ಯನೋರಿಗಿ ಕರ್ಯಂಗಿಲ್ಲ, ನಾ ಕರೀತೀನಿ. ಬಂದು ಮೊದಲ ಮುಷ್ಟಿ ನೀವು ಬಿತ್ರಿ. ಆಮ್ಯಾಲ ನೆಟಿ ಬಿದ್ರ ನಿಮಗೂ ಬೈತೀನಿ, ದೇವರಿಗೂ ಬೈತೀನಿ.'

'ಬರ್ತೀನಿ' ಎಂದ ಮಡಿವಾಳಯ್ಯ. ಹೇಳಿದ ಮೇಲೆ, ಆ ದನಿ ಯಾರಂತೆಯೂ ಇರಲಿಲ್ಲ, ತನ್ನದೇ ಆಗಿತ್ತು ಎಂಬುದು ಗಮನಕ್ಕೆ ಬಂತು. ಕಣದ ಕೊಡದಿಂದ ಎರಡು ತಂಬಿಗೆ ನೀರು ಕುಡಿದ.

ತಿರುಗಿ ಹೋಗುವ ಬಸ್ಸಿನಲ್ಲಿ ಕುಳಿತಾಗ ಬಿಸಿಲು ಹಳದಿಯಾಗಿತ್ತು. ಮೇಜುಗಳ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಸರಿಸಿ ಎಂಟಾಣೆ–ಒಂದು ರೂಪಾಯಿಯ ಮೇಜನ್ನು ಮುಟ್ಟಿದ. ನೂರು ರೂಪಾಯಿ ಒಯ್ದ. ಯಾರೂ ಅವನನ್ನು ನೋಡಲಿಲ್ಲ. ಇಳಿದು ಬಂದವನು ಎಂದು ಅವನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ದಾಸೋಹದ ಪಾಲು ಇನ್ನು ವರ್ಷಕ್ಕೊಂದೇ ಸಲ, ಗೆದ್ದದ್ದನ್ನೂ ಸೋತದ್ದನ್ನೂ ಕೂಡಿಸಿ ಉಳಿದದ್ದರಲ್ಲಿ, ಉಳಿಯದಿದ್ದರೆ ಇಲ್ಲ. ಉಳಿದರೆ ತಾನೇ ಮಠಕ್ಕೆ ಹೋಗಿ ಪಂಕ್ತಿಯಲ್ಲಿ ಬಡಿಸಬೇಕು. ಅವನಿಗೆ ಎರಡು ರಾಜಗಳು ಬಂದವು. ಕಟ್ಟಬೇಕಾದಷ್ಟು ಕಟ್ಟಿದ, ಎದುರಿನವನು ಕೈಯಲ್ಲಿ ಕಡಿಮೆಯದನ್ನು ಹಿಡಿದು ಹಠದಿಂದ ಹಿಂಬಾಲಿಸಿದ, ಕೊನೆಯ ಎಲೆ ಆ ಎದುರಿನವನಿಗೇ ಒದಗಿತು. ನಲವತ್ತು ರೂಪಾಯಿ ಹೋಯಿತು. ಆಟದಲ್ಲಿ ತಪ್ಪಿರಲಿಲ್ಲ, ಹೀಗೆ ನೂರು ಸಲ ಬಂದರೆ ನೂರು ಸಲವೂ ಹೀಗೆಯೇ ಕಟ್ಟಬೇಕು. ಎದೆಯಲ್ಲಿ ಹಳೆಯ ಭಾರ ಏಳುತ್ತದೆಯೇ ಎಂದು ಅವನು ಕಾದ, ಶಿಕ್ಷೆಯ ಆ ಪರಿಚಿತ ಸಮಾಧಾನ ಬರುತ್ತದೆಯೇ ಎಂದು ಕಾದ. ಬರಲಿಲ್ಲ. ಬಂದದ್ದು ಬರೀ ನಷ್ಟ, ತನ್ನ ಅಳತೆಗಿಂತ ಒಂದು ಕಾಳೂ ಹೆಚ್ಚಿರದ ನಷ್ಟ.

ಭಾಗ್ಯಜ್ಯೋತಿಯ ಫೋನು ಬಂತು.

'ಎಲ್ಲಿದ್ದೀರಿ?'

'ಬಸ್ಸಿನಾಗ. ಸೇಡಂ ಇನ್ನೂ ದೂರ ಅದ.'

'ತೊಗರಿ ಕೊಟ್ರೇನು ನೀಲಾಬಾಯೋರು?'

'ಕೊಟ್ರು. ಹ್ವಾದ ವರ್ಷಕ್ಕಿಂತ ಎರಡು ಸೇರು ಕಮ್ಮಿ. ಅದೂ ಎಲ್ಲಾರಿಗೂ ಕೊಟ್ಟ ಮ್ಯಾಲ, ಕಡಿಕ.'

'ಹೌದಾ! ಮತ್ತ ನಿಮ್ಮ ಆಟ?'

'ಈಗಷ್ಟೇ ಸೋತೆ. ನಲವತ್ತು ರೂಪಾಯಿ. ಎಂಟಾಣೆ ಮೇಜಿನಾಗ.'

ಆಚೆ ಕಡೆಯಿಂದ ಪಾತ್ರೆಯ ಸದ್ದು ಕೇಳಿತು.

'ಅಲ್ರಿ, ತೊಗರಿ ಕಮ್ಮಿ ಬಂತು, ಮರ್ಯಾದಿ ಕಮ್ಮಿ ಆತು, ಆಟ ಸೋತೀರಿ. ಮತ್ತ ನಗಾಕತ್ತೀರಲ್ರಿ?'

'ನಾನು?' ಎಂದ ಮಡಿವಾಳಯ್ಯ, ಮತ್ತು ಬಸ್ಸಿನ ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕ.